ಮಾರಿದ ಮೇಲೆ ರೇಟು ಕೇಳಬಾರದು

ಸಲಹೆ ಕೊಡುವುದರಲ್ಲಿ ಹಾವೇರಿ ಕಡೆಯ ಮಂದಿ ಜಿಪುಣರಲ್ಲ. ಬಸ್‌ ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ ತಿನ್ನುತ್ತಾ, 'ಮಗಳನ್ನ ಬೆಂಗಳೂರಿಗೆ ಓದಾಕ ಕಳಸಬೇಕೋ ಬ್ಯಾಡೋ ತಿಳೀವಲ್ದು ನೋಡ್ರಿ' ಎಂದು ಸ್ವಲ್ಪ ಗಟ್ಟಿಯಾಗಿ ಅಂದರೆ ಸಾಕು. ಪಕ್ಕದವರು 'ಕಳಸ್ರಿ' ಅನ್ನುತ್ತಾರೆ. ಎದುರಿನವರು 'ಹುಬ್ಬಳ್ಳಿಗೇನ್ ಕಡಿಮಿ ಆಗೇತ್ರಿ?' ಎಂದು ಕೇಳುತ್ತಾರೆ. ಮಿರ್ಚಿ ಕರಿಯುವವನೂ ಜಾಲರಿ ಸೌಟು ಎತ್ತಿ ಹಿಡಿದು, 'ಮದುವಿ ಮಾಡಿಬಿಡ್ರಿ' ಎಂದು ಒಂದೇ ಏಟಿಗೆ ಪ್ರಶ್ನೆಯನ್ನೇ ಮುಗಿಸುತ್ತಾನೆ. ಅಷ್ಟರಲ್ಲಿ ಬಸ್ಸು ಬರುತ್ತದೆ, ಎಲ್ಲರೂ ಹತ್ತಿ ಹೋಗುತ್ತಾರೆ. ಕೇಳಿದವನು ಮೊದಲಿಗಿಂತ ಹೆಚ್ಚು ಗೊಂದಲದಲ್ಲಿ ಕೈ ತೊಳೆಯುತ್ತಾನೆ.

ಮನುಷ್ಯರಿಂದ ಬಗೆಹರಿಯದ್ದನ್ನು ದೇವರ ಮುಂದೆ ಇಡುವುದು ನಮ್ಮ ಪದ್ಧತಿ. ಅದಕ್ಕೆ ಪ್ರಸಾದ ಕೇಳುವುದು ಅನ್ನುತ್ತೇವೆ. ಏರಿಸಿದ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಮನೆ ಕಟ್ಟಿಸುವ ಮುಂಚೆ ನಮ್ಮ ಸೋದರತ್ತೆ ಹೀಗೇ ಕೇಳಿದಳು. ಎಡಕ್ಕೆ ಬಿತ್ತು. 'ಗಾಳಿ ಬೀಸ್ತು' ಎಂದು ಬಾಗಿಲು ಮುಚ್ಚಿಸಿದಳು. ಮತ್ತೆ ಎಡಕ್ಕೆ. 'ಹೂವು ಬಾಡಿತ್ತು, ತಾಜಾ ತರ್ರಿ' ಅಂದಳು. ದೇವರಿಗೂ ಸಾಕಾಯಿತೋ ಏನೋ, ಆಮೇಲಿನದು ಬಲಕ್ಕೇ ಬಿತ್ತು. ಪೂಜಾರಪ್ಪ ಗಂಭೀರವಾಗಿ 'ಅಪ್ಪಣಿ ಆತ್ರಿ' ಅಂದರು. ಅಪ್ಪಣೆಯನ್ನು ಯಾರು ಯಾರಿಗೆ ಕೊಟ್ಟರೆಂಬುದು ಅಲ್ಲಿದ್ದ ನಮಗೆಲ್ಲ ಗೊತ್ತಿತ್ತು.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಇದೇ ಕೆಲಸ ಸಾವಿರಾರು ಜನರ ಎದುರು ನಡೆಯುತ್ತದೆ. ನವರಾತ್ರಿಯ ಹೊತ್ತಿಗೆ, ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾನೆ. ಇಡೀ ಗುಡ್ಡ ಉಸಿರು ಹಿಡಿಯುತ್ತದೆ. ಅವನು ಮುಂದಾಗುವುದನ್ನು ಸೂಚಿಸುವ ಕಾರಣಿಕದ ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಆಮೇಲೆ ಶುರುವಾಗುವುದು ನಮ್ಮ ಕೆಲಸ. ಅದೇ ಸಾಲಿನಲ್ಲಿ ಗೋವಿನಜೋಳ ಬೆಳೆಯುವವನಿಗೆ ಮಳೆ ಕೇಳಿಸುತ್ತದೆ, ಬೀಜದ ಅಂಗಡಿಯವನಿಗೆ ವ್ಯಾಪಾರ ಕೇಳಿಸುತ್ತದೆ, ರಾಜಕಾರಣಿಗೆ ಕುರ್ಚಿ ಕೇಳಿಸುತ್ತದೆ. ಗುಡ್ಡ ಇಳಿಯುವಾಗ ಪ್ರತಿಯೊಬ್ಬರೂ ಹತ್ತುವಾಗ ಹೊತ್ತು ತಂದ ನಿರ್ಧಾರವನ್ನೇ ಸೀಲು ಹೊಡೆಸಿಕೊಂಡು ಇಳಿಯುತ್ತಾರೆ.

ಇದೆಲ್ಲ ಹಳ್ಳಿಗರ ಕತೆ, ವಿಜ್ಞಾನಿಗಳು ಹೀಗಲ್ಲ ಅನ್ನುವವರಿಗೆ ಚಾರ್ಲ್ಸ್ ಡಾರ್ವಿನ್ ಇದ್ದಾನೆ. ಮದುವೆಯಾಗಬೇಕೋ ಬೇಡವೋ ಎಂದು 1838ರಲ್ಲಿ ಆತ ಕಾಗದದ ಮೇಲೆ ಎರಡು ಪಟ್ಟಿ ಬರೆದ. ಮದುವೆಯಾದರೆ ಪುಸ್ತಕ ಕೊಳ್ಳಲು ದುಡ್ಡು ಕಡಿಮೆ ಬೀಳುತ್ತದೆ, ಸಮಯ ಹಾಳಾಗುತ್ತದೆ. ಆದರೆ ಜೊತೆಗೆ ನಾಯಿ ಇರುವುದಕ್ಕಿಂತ ಹೆಂಡತಿ ಇರುವುದು ವಾಸಿ ಎಂದೂ ಬರೆದ. ಮರುವರ್ಷ ಜನವರಿಯಲ್ಲಿ ಮದುವೆಯಾದದ್ದು ಎಮ್ಮಾ ವೆಜ್‌ವುಡ್‌ಳನ್ನು, ಅಂದರೆ ಸ್ವಂತ ಸೋದರಮಾವನ ಮಗಳನ್ನು. ನಮ್ಮ ಕಡೆ ಹುಟ್ಟಿದ್ದರೆ ಒಂದು ಹಾಳೆ ಉಳಿಯುತ್ತಿತ್ತು. ಅವನು ತೊಟ್ಟಿಲಲ್ಲಿದ್ದಾಗಲೇ ತಾಯಿಯ ತವರಿನವರು ತೀರ್ಮಾನ ಮಾಡಿಬಿಡುತ್ತಿದ್ದರು.

ಅಂತೂ ಕೇಳುವುದೆಲ್ಲ ನಿರ್ಧಾರದ ಮುಂಚಿನ ಸಡಗರ. ಕಷ್ಟ ಇರುವುದು ಆಮೇಲೆ. ಇದನ್ನು ನಾನು ಕಲಿತದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ.

ಸೋಮವಾರ, ಗುರುವಾರ ಅಲ್ಲಿನ ಎಪಿಎಂಸಿಗೆ ಹೋದವರು ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಕಣ್ಣು ಹಾಯುವಷ್ಟೂ ಕೆಂಪು ಚೀಲಗಳು: ಕಡ್ಡಿ ತಳಿ, ಡಬ್ಬಿ ತಳಿ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಗೌರವ ಪಡೆದ ಈ ಸುಕ್ಕುಗಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಇದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿನವರೆಗೂ ಹೋಗುತ್ತದೆ. ನಾವು ಮಾತ್ರ ಅದನ್ನು ಸಾರಿಗೇ ಹಾಕುತ್ತೇವೆ.

ದಲಾಲರ ಅಂಗಡಿಯ ಮುಂದೆ ರೈತ ಚೀಲ ಇಳಿಸುತ್ತಾನೆ. ಖರೀದಿದಾರರು ಕಾಯಿ ಮುರಿದು, ಮೂಸಿ, ಟೆಂಡರ್ ಹಾಕುತ್ತಾರೆ. ದರ ಬಂದ ಮೇಲೆ ಒಪ್ಪುವುದೂ ಬಿಡುವುದೂ ರೈತನ ಇಷ್ಟ. ಒಪ್ಪಿದರೆ ವರ್ಷದ ಬೆವರು ಆವತ್ತಿನ ಬೆಲೆಗೆ ಹೋಯಿತು. ಬಿಟ್ಟರೆ ಕೋಲ್ಡ್ ಸ್ಟೋರೇಜಿಗೆ ಬಾಡಿಗೆ, ಬ್ಯಾಂಕಿಗೆ ಬಡ್ಡಿ, ಮನೆಯಲ್ಲಿ ಮದುವೆ. ದರ ಏರುವುದೋ ಇಳಿಯುವುದೋ ಯಾವ ಗೊರವಪ್ಪನೂ ಹೇಳಲಾರ. ಇದು ಬರೀ ನಗುವ ಮಾತಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಸಿಟ್ಟು ಈ ಅಂಗಳದಲ್ಲೇ ಬೆಂಕಿಯಾಗಿ ವಾಹನಗಳು ಸುಟ್ಟುಹೋದವು.

ನಮ್ಮ ದೊಡ್ಡಪ್ಪನೂ ಅಲ್ಲಿಗೆ ಕಾಯಿ ತರುತ್ತಿದ್ದ. ದರ ಕೇಳಿ ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ 'ಕೊಡ್ರಿ' ಅಥವಾ 'ಇಡ್ರಿ', ಎರಡರಲ್ಲಿ ಒಂದು. ಹೆಚ್ಚಿನ ಮಾತಿಲ್ಲ. ಅಷ್ಟು ಧೈರ್ಯ ಎಲ್ಲಿಂದ ಬರ್ತೈತಿ ಎಂದು ಕೇಳಿದರೆ, 'ಧೈರ್ಯ ಯಾರಿಗೈತಿ ತಮ್ಮಾ? ಮಾರಿದ ಮ್ಯಾಲ ರೇಟ್ ಕೇಳಬಾರ್ದು, ಅಷ್ಟ' ಅನ್ನುತ್ತಿದ್ದ.

ಈ ಮಾತು ನೆನಪಾದಾಗಲೆಲ್ಲ ನನಗೆ ಮೈಲಾರ ಮಹದೇವಪ್ಪನವರು ನೆನಪಾಗುತ್ತಾರೆ. ಹಾವೇರಿಯ ರೈಲು ನಿಲ್ದಾಣಕ್ಕೆ ಅವರದೇ ಹೆಸರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಹುಡುಗ, 1930ರಲ್ಲಿ ಗಾಂಧೀಜಿಯ ಹಿಂದೆ ದಂಡಿಗೆ ನಡೆದಾಗ ವಯಸ್ಸು ಇನ್ನೂ 18. ಆ ವಯಸ್ಸಿನಲ್ಲಿ ನಾವು ಸೈನ್ಸೋ ಕಾಮರ್ಸೋ ಎಂದು ಇಡೀ ಬಳಗವನ್ನು ಕೇಳುತ್ತಿರುತ್ತೇವೆ. ಅಲ್ಲಿಂದ 13 ವರ್ಷ ಅವರು ಅದೇ ದಾರಿಯಲ್ಲಿ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಈ ದಾರಿಗೆ ಏನು ಬೆಲೆ ಬಿದ್ದೀತೆಂದು ನಡುವೆ ನಿಂತು ಲೆಕ್ಕ ಹಾಕಿದವರಲ್ಲ. ಆದರೆ ಒಬ್ಬರೇ ನಡೆದವರೂ ಅಲ್ಲ. ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯ ಚಳವಳಿಗಿಳಿದು ಜೈಲು ಕಂಡವರು.

ಅಲ್ಲೇ ಇರಬೇಕು ಗುಟ್ಟು. ನಿರ್ಧಾರದ ಮುಂಚೆ ಬುದ್ಧಿ ಹೇಳುವವರು ಊರ ತುಂಬ ಸಿಗುತ್ತಾರೆ. ಬೇಕಾದದ್ದು, ಆದ ಮೇಲೆ 'ಹಂಗ ಮಾಡಬೇಕಿತ್ತು' ಅನ್ನದೆ ಪಕ್ಕದಲ್ಲಿ ಇರುವವರು. ದೊಡ್ಡಪ್ಪನ ಸ್ಥಿತಪ್ರಜ್ಞತೆಯೂ ಪೂರಾ ಅವನದಲ್ಲ. ಕಾಯಿ ಮಾರಿದ ಮರುದಿನ ಪೇಪರು ಬಂದ ಕೂಡಲೇ ದೊಡ್ಡವ್ವ ಪೇಟೆಧಾರಣೆಯ ಪುಟ ಕಿತ್ತು ರೊಟ್ಟಿ ಬುಟ್ಟಿಗೆ ಹಾಸಿಬಿಡುತ್ತಿದ್ದಳು. ದೊಡ್ಡಪ್ಪ ಉಳಿದ ಪುಟಗಳನ್ನು ತಿರುವಿ ಹಾಕಿ, 'ಇವತ್ತೇನೂ ಸುದ್ದಿ ಇಲ್ಲ' ಎಂದು ಎದ್ದುಹೋಗುತ್ತಿದ್ದ. ಪುಟ ಎಲ್ಲಿ ಎಂದು ಅವನು ಯಾವತ್ತೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಊರಲ್ಲಿ ಮಾತ್ರ ದೊಡ್ಡಪ್ಪನಿಗೆ ಗಟ್ಟಿ ಮನುಷ್ಯ ಎಂಬ ಹೆಸರು.