ಮೇಲಿಂದ ಬರಬೇಕು

ಹೊಸ ತಿಪ್ಪಸಂದ್ರ ಮಾರ್ಕೆಟ್ ರಸ್ತೆಯ ಪಕ್ಕ ಒಂದು ಕಚೇರಿ. ಟೋಕನ್ ಹಿಡಿದ ಅಜ್ಜಿ, ಕೌಂಟರಿನಲ್ಲಿ ಗುಮಾಸ್ತ.

ಅಜ್ಜಿ: ಯಾಕಪ್ಪ, ಪೆಟ್ಟಿಗೆ ಕಣ್ಣೇ ಬಿಡ್ತಿಲ್ಲ?

ಗುಮಾಸ್ತ: ಬೂಟ್ ಆಗ್ತಿಲ್ಲ ಅಜ್ಜಿ.

ಅಜ್ಜಿ: ಮಾರ್ಕೆಟ್ ರೋಡಲ್ಲಿ ಬೂಟಿಗೇನು ಬರ?

ಗುಮಾಸ್ತ: ಅಯ್ಯೋ, ಇದಕ್ಕೆ ಡಿಸ್ಕೇ ಇಲ್ಲ. ಎದ್ದ ತಕ್ಷಣ ‘ನಾನ್ಯಾರು?’ ಅಂತ ಕೂಗತ್ತೆ. ಡಿಎಚ್‌ಸಿಪಿ ವಿಳಾಸ ಕೊಡಬೇಕು, ಆಮೇಲೆ ಟಿಎಫ್‌ಟಿಪಿ 69ನೇ ಪೋರ್ಟಲ್ಲಿ ಫೈಲ್ ಕಳಿಸ್ಬೇಕು.

ಅಜ್ಜಿ: ಕೊಡೋರ್ಯಾರು?

ಗುಮಾಸ್ತ: ಸರ್ವರ್.

ಅಜ್ಜಿ: ಕೂಗಿದ್ರೂ ಬರದೋನು ಎಂಥಾ ಸರ್ವರ್? ದರ್ಶಿನಿ ಥರ ಸೆಲ್ಫ್ ಸರ್ವೀಸ್ ಮಾಡ್ಬಿಡಿ.

ಗುಮಾಸ್ತ: ಸ್ಕ್ರೀನ್ ನೋಡಿ, ‘ಪಿಎಕ್ಸ್‌ಇ-ಇ51’. ಅಂದ್ರೆ ಯಾರೂ ವಿಳಾಸ ಕೊಡ್ಲಿಲ್ಲ.

ಅಜ್ಜಿ: ನಾನೂ ವಿಳಾಸದ ಪುರಾವೆಗೇ ಬಂದಿರೋದು. ಆ ನೀಲಿ ವೈರ್ ಯಾಕೆ ಜೋತಾಡ್ತಿದೆ?

(ಅದು ಸರ್ವರಿನ ವೈರ್; ಕಸಪೊರಕೆಗೆ ಸಿಕ್ಕಿ ಕಿತ್ತುಬಂದಿತ್ತು, ಪೊರಕೆ ಬೇರೆ ವಿಭಾಗದ್ದು.)

ಗುಮಾಸ್ತ: ಸಿಕ್ಕಿಸೋಕೆ ಮೇಲಿಂದ ಆರ್ಡರ್ ಬರಬೇಕು.

ಅಜ್ಜಿ: ಅಯ್ಯೋ ಮಗನೇ, ನಿಂಗೂ ಡಿಸ್ಕ್ ಹಾಕಿಲ್ವಾ?