ಸರ್ವೋ-ದಾಸ್ಯ-ವಿಚಾರವು

ಆಟದ ವಿಮಾನದ ರೆಕ್ಕೆಯೊಳಗೆ ಅಡಗಿ ಕುಳಿತು, ದೂರದಲ್ಲಿ ಟ್ರಾನ್ಸ್‌ಮಿಟರ್ ಹಿಡಿದು ನಿಂತ ಯಜಮಾನನ ಹೆಬ್ಬೆರಳಿನ ಇಂಗಿತವನ್ನರಿತು ರೆಕ್ಕೆಯ ಹಿಂದಂಚಿನ ಐಲರಾನೆಂಬ ಪಟ್ಟಿಯನ್ನು ಎತ್ತಿಳಿಸುವ, ಬೆಂಕಿಪೊಟ್ಟಣಕ್ಕಿಂತಲೂ ಕಿರಿದಾದ ಸರ್ವೋ ಎಂಬ ಪದಾರ್ಥವನ್ನು ಕುರಿತ ಭಾಷ್ಯವೊಂದೂ ನನ್ನ ಕಣ್ಣಿಗೆ ಬೀಳದಿದ್ದುದರಿಂದ, ಅನಧಿಕಾರಿಯಾದ ನಾನೇ ಲೇಖನಿಯನ್ನು ಹಿಡಿಯಬೇಕಾಗಿ ಬಂದಿತು.

ಪ್ರಥಮತಃ ಶಬ್ದನಿಷ್ಪತ್ತಿ. ಸರ್ವೋದಯ, ಸರ್ವೋತ್ತಮ ಮುಂತಾದೆಡೆಗಳಲ್ಲಿ ಗುಣಸಂಧಿಯಾದ ತರುವಾಯ ಉತ್ತರಪದವನ್ನು ಯಾರೋ ಅಪಹರಿಸಲಾಗಿ ಉಳಿದ ಪೂರ್ವಭಾಗವೇ ಸರ್ವೋ ಎಂದು ವಾದಿಸುವ ವೈಯಾಕರಣನೊಬ್ಬನು ನಮ್ಮ ಮನೆಯಲ್ಲಿಯೇ ಇದ್ದಾನೆ. ಆತನ ವಯಸ್ಸು ಹದಿನಾಲ್ಕು, ನನಗೆ ಸೋದರಳಿಯ, ವಿಮಾನವೂ ಆತನದೇ. ಆದರೆ ದಾಸನೆಂಬ ಅರ್ಥದ ಲ್ಯಾಟಿನ್ ಶಬ್ದವಾದ ‘ಸರ್ವುಸ್’ ಎಂಬುದೇ ಇದರ ಮೂಲವಾದಕಾರಣ ಆ ಪಕ್ಷವು ಇಲ್ಲಿಗೆ ನಿರಸ್ತವಾಯಿತು.

ಇನ್ನು ದಾಸಲಕ್ಷಣ. ಸಾಮಾನ್ಯ ಸರ್ವೋವಿಗೆ ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಒಡೆಯನಿಂದ ಒಂದು ಸ್ಪಂದನವು ಬರುತ್ತದೆ, ಅದು 1.5 ಮಿಲಿಸೆಕೆಂಡ್ ಬಾಳಿದರೆ ಮಧ್ಯದಲ್ಲಿರತಕ್ಕದ್ದು, 1 ಆದರೆ ಒಂದಂಚು, 2 ಆದರೆ ಇನ್ನೊಂದಂಚು. ತಾನು ಎಲ್ಲಿದ್ದೇನೆಂಬುದನ್ನು ಹೊಟ್ಟೆಯೊಳಗಿನ ಪೊಟೆನ್ಷಿಯೋಮೀಟರಿನಿಂದ ತಿಳಿದು, ಆಜ್ಞೆಗೂ ಸ್ಥಿತಿಗೂ ಭೇದವಿರುವ ತನಕ ದ್ವೈತಿಯಾಗಿ ಮೋಟಾರನ್ನು ತಿರುಗಿಸುತ್ತ, ಭೇದವಳಿದೊಡನೆ ಅದ್ವೈತಿಯಾಗಿ ಸುಮ್ಮನಾಗುವ ಇಂಥ ಸಮನ್ವಯವಾದಿಯನ್ನು ಬೇರೆಲ್ಲಿಯೂ ನಾನು ಕಂಡವನಲ್ಲ.

ಒಡೆಯರಲ್ಲಿಯಾದರೋ, ಅವರವರು ನಂಬಿದ ಕಂಪನಿಗನುಸಾರವಾಗಿ, ಮತಭೇದಗಳಿಗೆ ಮಿತಿಯಿಲ್ಲ. ಸರ್ವೋವಿನ ದಂಡದ ಮೇಲೆ ತೋಳು ಕೂರುವ ಹಲ್ಲುಗಳು ಫ್ಯುಟಾಬಾ ಮತದಲ್ಲಿ 25, ಜೆಆರ್ ಮತದಲ್ಲಿ 23; ಆದುದರಿಂದ ಒಬ್ಬರ ತೋಳು ಇನ್ನೊಬ್ಬರಿಗೆ ಸಲ್ಲದು. 25 ಹಲ್ಲಿನ ಪಕ್ಷದಲ್ಲಿ ಒಂದು ಹಲ್ಲು ಸರಿಸಿದರೆ ತೋಳು 14.4 ಡಿಗ್ರಿ ತಿರುಗುವುದರಿಂದ, ತೋಳು ಓರೆಯಾಗಿ ನಿಂತಲ್ಲಿ ಮೊದಲು ಅದನ್ನು ಕಳಚಿ ಸಮೀಪದ ಹಲ್ಲಿಗೆ ಕೂರಿಸಿ, ಉಳಿದ ಅಲ್ಪದೋಷಕ್ಕೆ ಮಾತ್ರ ಸಬ್‌ಟ್ರಿಮ್ ಎಂಬ ಪ್ರಾಯಶ್ಚಿತ್ತವನ್ನು ವಿಧಿಸುವುದು ಶಿಷ್ಟಾಚಾರ. ಟ್ರಾನ್ಸ್‌ಮಿಟರಿನ ಕಡ್ಡಿಯ ನಡುಭಾಗದಲ್ಲಿ ಚಲನೆಯನ್ನು ಮೃದುಗೊಳಿಸುವ ಎಕ್ಸ್‌ಪೊವಿನ ವಿಷಯದಲ್ಲಂತೂ ಕಲಹವು ಘೋರವಾದದ್ದು: ಫ್ಯುಟಾಬಾದವರು ಋಣಸಂಖ್ಯೆಯಿಂದ ಪಡೆಯುವ ಸೌಮ್ಯತೆಯನ್ನು ಸ್ಪೆಕ್ಟ್ರಮ್‌ನವರು ಧನಸಂಖ್ಯೆಯಿಂದ ಪಡೆಯುತ್ತಾರೆ, ಮಠ ಬದಲಿಸಿದವನು ಹಳೆಯ ಅಂಕಿಯನ್ನೇ ಹೊತ್ತು ತಂದನಾದರೆ ವಿಮಾನವು ಕಣಜ ಕಡಿದ ಕರುವಿನಂತೆ ವರ್ತಿಸುವುದು. ತೋಳಿನ ಚಲನೆಯ ಮಿತಿಯಾದ ಎಂಡ್‌ಪಾಯಿಂಟನ್ನು ದುರಾಸೆಯಿಂದ ಹಿಗ್ಗಿಸಿದಲ್ಲಿ ದಾಸನು ಮುಂದೆ ಹೋಗಲಾರದೆ ಗುಂಯ್ ಎಂದು ನರಳುತ್ತ, ಬಿಸಿಯಾಗುತ್ತ, ಬ್ಯಾಟರಿಯನ್ನು ಹೀರುವನು. ಅವನು ಮಾಡುವ ಪ್ರತಿಭಟನೆಯೆಂದರೆ ಅದೊಂದೇ.

ಉಳಿದದ್ದು ಸರ್ವೋ ತಿರುಗುವ ದಿಕ್ಕನ್ನು ತಿರುವುಮುರುವಾಗಿಸುವ ರಿವರ್ಸ್. ಕಡ್ಡಿಯನ್ನು ಬಲಕ್ಕೊತ್ತಿದಾಗ ಬಲರೆಕ್ಕೆಯ ಐಲರಾನ್ ಮೇಲೇಳಬೇಕು, ಎಡರೆಕ್ಕೆಯದು ತಗ್ಗಬೇಕು. ‘ಬಲವೆಂದರೆ ಯಾರ ಬಲ?’ ಎಂಬ ಪ್ರಶ್ನೆಯನ್ನು ಪೂರ್ವಪಕ್ಷದಲ್ಲಿಯೂ ಎತ್ತದೆ, ವಿಮಾನದ ಮೂತಿಗೆ ಎದುರಾಗಿ ಕುಳಿತು ಕಡ್ಡಿಯನ್ನು ಬಲಕ್ಕೊತ್ತಿದ ನಾನು, ನನ್ನ ಬಲಗಡೆಯ ಐಲರಾನ್ ತಗ್ಗಿದುದನ್ನು ಕಂಡು, ಇದು ಅಪಸವ್ಯವೆಂದು ತೀರ್ಮಾನಿಸಿ, ಸರಿಯಾಗಿಯೇ ಇದ್ದ ನಾರ್ಮಲ್ ಎಂಬುದನ್ನು ರಿವರ್ಸ್ ಎಂದು ತಿದ್ದಿದೆನು. ಒಣಗಿದ ಕೆರೆಯಂಗಳದಿಂದ ವಿಮಾನವು ಮೇಲೆದ್ದು ಗಾಳಿಗೆ ಕೊಂಚ ಎಡಕ್ಕೆ ವಾಲಿತು, ಬಲಕ್ಕೊತ್ತಿದೆನು, ಇನ್ನಷ್ಟು ಎಡಕ್ಕೆ ವಾಲಿತು, ಪೂರ್ಣವಾಗಿ ಬಲಕ್ಕೊತ್ತಿದೆನು. ಮುಂದಿನದನ್ನು ವಿವರಿಸಲು ಗ್ರಂಥವಿಸ್ತಾರಭಯವು ಅಡ್ಡಬರುತ್ತದೆ.

ಜಾಲಿಮುಳ್ಳಿನ ನಡುವೆ ಬಿದ್ದಿದ್ದ ರೆಕ್ಕೆಯ ತುಂಡನ್ನು ವೈಯಾಕರಣನು ಎತ್ತಿ ಹಿಡಿಯಲು, ನಾನು ಕಡ್ಡಿಯನ್ನೊಮ್ಮೆ ಒತ್ತಿದೆನು. ಸರ್ವೋ ಕೂಡಲೇ ಅಲುಗಿತು, ನಾನು ವಿಧಿಸಿದ್ದ ತಪ್ಪು ದಿಕ್ಕಿಗೆ, ಎಳ್ಳಷ್ಟೂ ವ್ಯತ್ಯಾಸವಿಲ್ಲದೆ. ಹೊಸ ರೆಕ್ಕೆಯ ಖರ್ಚು ನನ್ನದೆಂದು ಮನೆಯಲ್ಲಿ ನಿರ್ಣಯವಾಗಿದೆ.