ಹುಡುಗ ಅಂಜತಾನ!

ಟಿವಿಯ ಭಯಂಕರ ಜಾಹೀರಾತುಗಳಿಂದ ಎಳೆಯ ಮನಸ್ಸನ್ನು ಕಾಪಾಡುವ ಖಾತೆಯನ್ನು ನಮ್ಮ ಮನೆಯಲ್ಲಿ ನಾನೇ ವಹಿಸಿಕೊಂಡಿದ್ದೇನೆ. ಯಾರೂ ಕೊಟ್ಟದ್ದಲ್ಲ. ಆಯುಧ ರಿಮೋಟು. ಅದರ ಸೆಲ್ಲುಗಳು ಕೊನೆಯುಸಿರು ಎಳೆಯುತ್ತಿರುವುದರಿಂದ ತೊಡೆಗೆ ನಾಲ್ಕು ಸಲ ಬಡಿದರೆ ಒಂದು ಚಾನೆಲ್ ದಾಟುತ್ತದೆ. ಅಷ್ಟರಲ್ಲಿ ಜಾಹೀರಾತು ಹೆದರಿಸುವಷ್ಟು ಹೆದರಿಸಿ ಮುಗಿದಿರುತ್ತದೆ.

ಭಾನುವಾರ ಮಧ್ಯಾಹ್ನ, ಪುಣೆಯ ಹಡಪಸರದ ಸೋಲಾಪುರ ರಸ್ತೆಯ ಹಾರ್ನುಗಳನ್ನು ಮೀರಿಸುವಷ್ಟು ಸೌಂಡು ಇಟ್ಟು ಕನ್ನಡ ಸಿನಿಮಾ ನೋಡುತ್ತಿದ್ದೆವು. ನಾಯಕ ಸಿಗರೇಟು ಸೇದುವವನಾದರೆ ನಾವು ದಂಡ ಕಟ್ಟಬೇಕು: 2012ರ ಅಕ್ಟೋಬರ್ 2ರಿಂದ ಅಂಥ ಸಿನಿಮಾದ ಆರಂಭದಲ್ಲೊಮ್ಮೆ, ನಡುವೆಯೊಮ್ಮೆ ಕನಿಷ್ಠ 30 ಸೆಕೆಂಡಿನ ಎಚ್ಚರಿಕೆ ಕಡ್ಡಾಯ. ಬಂತು, ಶ್ವಾಸಕೋಶದ ಬದಲಿಗೆ ತೋರಿಸುವ ಆ ಸ್ಪಂಜು. ಹಿಂಡಿದರೆ ಕಪ್ಪು ಡಾಂಬರು.

"ಕಣ್ಣು ಮುಚ್ಚೋ!" ಎಂದು ಕೂಗಿ ನಾನು ಮುಚ್ಚಿಕೊಂಡೆ. ಎರಡನೇ ಇಯತ್ತೆಯ ಮಗರಾಯ ಟಿವಿಗೆ ಇನ್ನಷ್ಟು ಹತ್ತಿರ ಸರಿದು, "ಅಪ್ಪಾ, ಅದು ನಮ್ಮ ಚಹಾದ ಕಪ್ಪಿನ್ಯಾಗ ಹಾಕಿದ್ರ ಎಷ್ಟ್ ಕಪ್ ಆಗ್ತದ?" ಎಂದ.

ಅವ್ವ ಎಲೆಗೆ ಸುಣ್ಣ ಸವರುತ್ತ, "ಸೇದಾವ್ರಿಗೆ ಹಂಗೇ ಆಗ್ಬೇಕು" ಎಂದು ಚಿಟಿಕೆ ತಂಬಾಕು ಮಡಚಿ ದವಡೆಗಿಟ್ಟಳು. ಬೆನ್ನಿಗೇ ತಂಬಾಕು ತಿನ್ನುವವರ ಬಾಯಿಯ ಜಾಹೀರಾತು. ಅವ್ವ ಬೇರೆ ಕಡೆ ಮುಖ ತಿರುವಿ, "ತಗಿಯೋ ಅದನ್ನ, ಹುಡುಗ ಅಂಜತಾನ" ಎಂದಳು.

ನಾಲ್ಕು ಬಡಿದೆ. ಸಂಡಾಸಿನ ಕಮೋಡಿನೊಳಗೆ ಹಸಿರು ಕ್ರಿಮಿಯೊಂದು ಹಲ್ಲು ಕಿರಿಯುತ್ತಿತ್ತು. ಅಡುಗೆಮನೆಯಿಂದ ಇಣುಕಿದ ಹೆಂಡತಿ, "ನೋಡ್ರಿ! ಎದ್ದು ಒಮ್ಮೆ ತಿಕ್ಕಿ ಬರ್ರಿ. ಹುಡುಗ ಅಂಜಿ ಒಳಗ ಹೋಗಾಂಗಿಲ್ಲ" ಎಂದಳು. ಹುಡುಗ ಕ್ರಿಮಿಯ ನಗೆಯನ್ನು ಅಭ್ಯಾಸ ಮಾಡುತ್ತಿದ್ದ.

ಮತ್ತೆ ಬಡಿದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅದರೊಳಗೆ ನನ್ನಂಥದೇ ಕನ್ನಡಕ, ನನ್ನಂಥದೇ ಬೋಳು ಹಣೆ. ಕೆಳಗೆ ಹೆಂಡತಿ, ಮಗು, ಕಟ್ಟಬೇಕಾದ ಸಾಲದ ಕಂತು. ಇನ್ಶೂರೆನ್ಸು. ಒಗ್ಗರಣೆಯ ಸದ್ದೂ ನಿಂತು ಮನೆ ಗಪ್ಪಾಯಿತು.

"ಅಪ್ಪಾ, ನಿಂದು ಎಷ್ಟಿಂದದ?"

"ಬಂದ್ ಮಾಡ್ರಿ ಟಿವಿ! ಹುಡುಗ ಅಂಜತಾನ!" ಎಂದು ಚೀರಿದವನು ನಾನು.

1994ರ ಕೇಬಲ್ ಟಿವಿ ನಿಯಮಗಳಲ್ಲಿ ಮಕ್ಕಳ ಸುರಕ್ಷತೆಗೆ ಕುತ್ತು ತರುವ ಜಾಹೀರಾತು ಕೂಡದೆಂದಿದೆ. ಹೇಸಿಗೆ ಹುಟ್ಟಿಸುವಂಥದೂ ಬೇಡವೆಂದಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರದ ವಾರ್ತಾ ಸಚಿವಾಲಯ ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಮಾತ್ರ ತೋರಿಸಿರೆಂದಿತು, ಮಕ್ಕಳ ಸಲುವಾಗಿಯೇ. ಸ್ಪಂಜಿಗೆ ಆ ಕಟ್ಟುಪಾಡಿಲ್ಲ. ಊಟದ ಹೊತ್ತಿಗೂ ಹಿಂಡುತ್ತಾರೆ. ಇರಲಿ, ಹಿಂಡಲಿ. ಅದು ನನಗೇನೂ ಮಾರುತ್ತಿಲ್ಲ. ಹಾರದ ಫೋಟೋದವರಿಗೆ ಮಾತ್ರ ಮಧ್ಯರಾತ್ರಿಯ ವೇಳೆ ಗೊತ್ತುಮಾಡಬೇಕು, ಅದೂ ಹೆಂಡತಿ ಮಲಗಿದ ಮೇಲೆ.

ನಾನು ಸಣ್ಣವನಿದ್ದಾಗ ಒನಿಡಾ ಟಿವಿಯ ಜಾಹೀರಾತಿನಲ್ಲಿ ಕೊಂಬು, ಬಾಲದ ದೆವ್ವ ಬರುತ್ತಿತ್ತು. ನನಗೇನೂ ಅನ್ನಿಸುತ್ತಿರಲಿಲ್ಲ. ಬೆವರುತ್ತಿದ್ದವರು ಅಪ್ಪ: ಬಾಜೂ ಮನೆಯವರು ಆ ಸೆಟ್ಟು ತಂದಿದ್ದರು, ಅವ್ವ ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದಳು.

ಈಗ ಖಾತೆ ಬದಲಾಗಿದೆ. ಹೊಸ ಸೆಲ್ಲು ಹಾಕಿದ ರಿಮೋಟು ಮಗನ ಕೈಯಲ್ಲಿದೆ. ಬ್ರೇಕ್ ಬಂದರೆ, "ಅಪ್ಪಾ, ನೀ ಒಳಗ ಹೋಗು. ಮುಗದ ಮ್ಯಾಲೆ ಕರೀತೀನಿ" ಅನ್ನುತ್ತಾನೆ. ಹೋಗುತ್ತೇನೆ. ಒಳಗೆ ಚಿವಡಾದ ಡಬ್ಬಿ ಇದೆ. ಮೊನ್ನೆ ಕರೆಯುವುದನ್ನೇ ಮರೆತುಬಿಟ್ಟ.